ಲಾಳಿಗೆ ಹೋಗಿ ಬರುವುದು

"ಲಾಳಿಗೆ ಹೋಗಿ ಬರ್ಲೇನ್ರಿ, ಟೀಚರ್?"

ಕಳೆದ ತಿಂಗಳು ಬೆಟಗೇರಿಯಲ್ಲಿ, ನಾನೇ ಓದಿದ ಶಾಲೆಗೆ, ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿ ಹೋಗಿದ್ದೆ. ವಿಷಯ ಸ್ವಚ್ಛತೆ. ವೇದಿಕೆಯ ಮೇಲೊಬ್ಬ ಹುಡುಗ ಸ್ವಚ್ಛತೆಯೇ ದೇವರು ಎಂದು ಕೈಯೆತ್ತಿ ಕೂಗುತ್ತಿದ್ದ. ಹಾಗಾದರೆ ಈ ದೇವರ ಪೂಜಾರಿ ಯಾರು, ನೀನೋ ನಿನ್ನ ತಂಗಿಯೋ ಎಂದು ಕೇಳಬೇಕೆಂದು ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಕಿರುಬೆರಳೆತ್ತಿ ಆ ಮಾತು ಕೇಳಿದಳು. ಟೀಚರ್ ತಲೆಯಾಡಿಸಿದರು, ಅವಳು ಎದ್ದು ಹೋದಳು. ಯಾರೂ ನಗಲಿಲ್ಲ. ನನಗೆ ಮಾತ್ರ ಆ ಹುಡುಗನ ದೇವರು ಕೇಳಿಸದಂತಾಯಿತು. ಮೂಗಿಗೆ ನೂಲಿಗೆ ಹಚ್ಚುವ ಹುಳಿ ಗಂಜಿಯ ವಾಸನೆ ಬಂತು; ಕಿವಿಗೆ ನಮ್ಮ ಅಜ್ಜನ ಮಗ್ಗದ ಸದ್ದು.

ನಿಮ್ಮ ಬಾಲ್ಯದಲ್ಲೂ ಸದ್ದಿನಿಂದಲೇ ಗುರುತು ಹಿಡಿಯಬಹುದಾದ ಒಂದು ಮನೆ ಇದ್ದಿರಬಹುದು. ನಮ್ಮದು ಹಾಗಿತ್ತು. ಓಣಿಯ ತುದಿಯಲ್ಲಿ ನಿಂತರೂ ಅಜ್ಜ ಊಟಕ್ಕೆ ಎದ್ದಿದ್ದಾನೋ ಇಲ್ಲವೋ ತಿಳಿಯುತ್ತಿತ್ತು. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ಸೀರೆ ನೇಯುತ್ತಿದ್ದ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ನೂಲು ಹೊತ್ತು ಅತ್ತಿಂದಿತ್ತ ಓಡುವ, ಪುಟ್ಟ ದೋಣಿಯಂಥ ಮರದ ತುಂಡು ಲಾಳಿ. ಅದು ನಮ್ಮ ಕಾಲಿಗೆ ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಬಾಗಿಲ ಬಳಿ ಬೆಳಕಿಗೆ ಕೂತು ಆಯಿ, ಅಂದರೆ ಅಪ್ಪನ ತಾಯಿ, ಲಾಳಿಯೊಳಗಿಡುವ ನೂಲಿನ ಕಂಡಿಕೆಗಳನ್ನು ರಾಟಿಯ ಮೇಲೆ ಸುತ್ತುತ್ತಿದ್ದಳು. ಅವಳು ಎದ್ದರೆ ನಮ್ಮವ್ವ, ಅವ್ವ ಎದ್ದರೆ ದೊಡ್ಡಪ್ಪನ ಮಗಳು ಗಿರಿಜಕ್ಕ. ಆ ರಾಟಿಗೊಂದು ನಿಯಮವಿತ್ತು. ಏಳುವ ಮೊದಲು ಒಂದು ತುಂಬಿದ ಕಂಡಿಕೆಯನ್ನು ಬುಟ್ಟಿಯಲ್ಲಿಟ್ಟೇ ಏಳಬೇಕು. "ಖಾಲಿ ಬುಟ್ಟಿ ಬಿಟ್ಟು ಏಳಬ್ಯಾಡ, ಹಿಂದ ಬಂದಾಕಿ ಶಾಪಾ ಹಾಕ್ತಾಳ" ಎನ್ನುತ್ತಿದ್ದಳು ಆಯಿ. ಯಾಕೆ ಎಂದು ನಾನು ವಾದಕ್ಕಿಳಿದರೆ, "ನೀ ವಕೀಲಕಿ ಆಗು, ಮೊದಲ ಕಂಡಿಕಿ ಸುತ್ತು" ಎಂಬ ಉತ್ತರ ಸಿದ್ಧವಿರುತ್ತಿತ್ತು.

ಶಾಲೆಯಲ್ಲಿ ಎರಡು ಶೌಚಾಲಯಗಳಿದ್ದವು, ಒಂದು ಹುಡುಗರಿಗೆ, ಒಂದು ಹುಡುಗಿಯರಿಗೆ. ಹೊಸದಾಗಿ ಬಿಳಿ ಟೈಲ್ಸ್ ಹಾಕಿಸಿದ ಮೇಲೆ ಹೆಡ್‌ಮಾಸ್ತರರು ಎರಡಕ್ಕೂ ಕೀಲಿ ಹಾಕಿಸಿದರು. ಬಿಟ್ಟರೆ ಓಣಿಯ ಮಂದಿ ಸಂಜೆ ಬಂದು ಹೊಲಸು ಮಾಡುತ್ತಾರೆ ಎಂಬುದು ಅವರ ವಾದ, ಸುಳ್ಳೇನಲ್ಲ, ಮಾಡುತ್ತಿದ್ದರು. ಎರಡಕ್ಕೂ ಒಂದೇ ಕೀಲಿಕೈ, ಅದು ಪದೇಪದೇ ಕಳೆಯುತ್ತಿತ್ತು. ಅದಕ್ಕೇ ಅವರು ಒಡೆದ ಲಾಳಿಯೊಂದನ್ನು ಕೀಲಿಕೈಗೆ ಕಟ್ಟಿ ತಮ್ಮ ಕೋಣೆಯ ಮೊಳೆಗೆ ನೇತುಹಾಕಿದರು. ಯಾರಿಗೆ ಹೋಗಬೇಕೋ ಅವರು ಅದನ್ನು ಕೇಳಿ ಪಡೆದು, ಕೈಯಲ್ಲಿ ಹಿಡಿದು, ಇಡೀ ಅಂಗಳ ದಾಟಬೇಕು. ಹಳ್ಳಿಗಳಲ್ಲಿ ಬಯಲಿಗೆ ಹೋಗುವುದನ್ನು ಚರಗಿ, ಅಂದರೆ ತಂಬಿಗೆ, ತಗೊಂಡು ಹೋಗುವುದು ಎನ್ನುತ್ತಾರಲ್ಲ, ಹಾಗೆ ನಮ್ಮ ಶಾಲೆಯಲ್ಲಿ ಅದು ಲಾಳಿಗೆ ಹೋಗುವುದು ಎಂದಾಯಿತು. ಏಳನೇ ಇಯತ್ತೆಯ ಹುಡುಗರು ಕಟ್ಟೆಯ ಮೇಲೆ ಕೂತು, "ಏ ದಾರಿ ಬಿಡ್ರಲೇ, ಲಾಳಿ ಹೊಂಟೈತಿ!" ಎಂದು ಕೂಗುತ್ತಿದ್ದರು. ವಾಪಸು ಬರುವಾಗ ಇನ್ನೊಂದು: "ಎಷ್ಟು ಮೊಳಾ ಸೀರಿ ನೇಯ್ದಿ ಬೇ?"

ಇದರ ಪರಿಣಾಮ ಸರಳ. ದೊಡ್ಡ ಹುಡುಗಿಯರು ಲಾಳಿ ಕೇಳುವುದನ್ನು ಬಿಟ್ಟರು. ಕೇಳಬಾರದೆಂದರೆ ನೀರು ಕುಡಿಯಬಾರದು. ಟೈಲ್ಸ್ ಮಾತ್ರ ಫಳಫಳ ಹೊಳೆಯುತ್ತಿದ್ದವು. ತಪಾಸಣೆಗೆ ಬಂದವರು ಮೆಚ್ಚಿಕೊಂಡು ಹೋದರು. ಬಳಸದೇ ಇರುವುದನ್ನು ಸ್ವಚ್ಛ ಎಂದು ಕರೆಯಬಹುದೇ ಎಂಬುದು ಈಗಲೂ ಒಳ್ಳೆಯ ಚರ್ಚಾವಿಷಯ. ಗಿರಿಜಕ್ಕ ಆಗ ಏಳನೆಯಲ್ಲಿದ್ದಳು, ನಾನು ಎರಡನೆಯಲ್ಲಿ. ಬೆಳಿಗ್ಗೆ ಒಂದು ಗುಟುಕು ಚಹಾ ಕುಡಿದು ಹೋದರೆ ಸಂಜೆ ಮನೆಗೆ ಬಂದು ಚೀಲ ಎಸೆದು ಹಿತ್ತಲಿಗೆ ಓಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಉರಿಮೂತ್ರ ಶುರುವಾಯಿತು, ಚಳಿಜ್ವರ ಬಂತು. ನೀರು ಕುಡಿಯಬೇಕು, ತಡೆದುಕೊಳ್ಳಬಾರದು ಎಂದರು ಡಾಕ್ಟರು. ಆಯಿ ಅದಕ್ಕೆ ತನ್ನದೇ ಭಾಷ್ಯ ಬರೆದಳು.

"ಸಾಲಿಗೆ ಹೋದ್ರ ತಡ್ಕೋತಾಳ, ತಡ್ಕೊಂಡ್ರ ಜ್ವರಾ ಬರ್ತಾವ. ಸಾಲೀನ ಬಿಡಿಸ್ರಿ. ಕಂಡಿಕಿ ಸುತ್ತಕೊಂತ ಮನ್ಯಾಗ ಇರ್ಲಿ."

ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ದೊಡ್ಡಪ್ಪ ತಲೆಯಾಡಿಸಿದ. ದಸರಾ ರಜೆ ಮುಗಿದ ಮೇಲೆ ಗಿರಿಜಾ ಶಾಲೆಗೆ ಹೋಗುವುದಿಲ್ಲ ಎಂದಾಯಿತು. ಗಿರಿಜಕ್ಕ ಅಳಲಿಲ್ಲ. ರಾಟಿಯನ್ನು ಅದು ಮುರಿಯುತ್ತದೇನೋ ಎಂಬಂತೆ ತಿರುಗಿಸುತ್ತಿದ್ದಳು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅಜ್ಜ ಮಗ್ಗ ತೊಳೆದು, ಲಾಳಿಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಬಳಿದು ಚೆಂಡುಹೂ ಏರಿಸುತ್ತಿದ್ದ. ನಾನು ಮೂಗು ಮುಚ್ಚಿಕೊಂಡೆ. "ಛೀ, ಅಜ್ಜಾ! ಲಾಳಿಗೆ ಯಾರರ ಪೂಜಿ ಮಾಡ್ತಾರೇನು?" ಅಜ್ಜ ಹೂ ಹಿಡಿದೇ ತಿರುಗಿ, "ಯಾಕ ಬೇ, ಏನಾತು?" ಎಂದು ಕೇಳಿದ. ಗಿರಿಜಕ್ಕ ನನ್ನ ತೊಡೆ ಚಿವುಟಿದಳು. ಆದರೆ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದು ನನ್ನ ಹುಟ್ಟುಗುಣ. ಲಾಳಿ, ಕೀಲಿ, ಕಟ್ಟೆಯ ಹುಡುಗರು, ಎಷ್ಟು ಮೊಳ ಎಂಬುದೆಲ್ಲ ಹೊರಬಂತು. ಆ ಒಡೆದ ಲಾಳಿಯನ್ನು ಶಾಲೆಗೆ ಕೊಟ್ಟವನು ಅಜ್ಜನೇ ಎಂದು ನನಗೆ ತಿಳಿದದ್ದು ಆಗ. ಹೆಡ್‌ಮಾಸ್ತರರು ಹಳೆಯದೊಂದು ಕೊಡ್ರಿ ಎಂದಾಗ, ಮಕ್ಕಳಿಗೆ ನಮ್ಮ ಕಸುಬು ತೋರಿಸಲಿಕ್ಕಿರಬೇಕು ಎಂದುಕೊಂಡು ಎಣ್ಣೆ ಒರೆಸಿ ಕೊಟ್ಟಿದ್ದನಂತೆ.

ಶಾಲೆ ತೆರೆದ ದಿನವೇ ಅಜ್ಜ ರುಮಾಲು ಸುತ್ತಿಕೊಂಡು ಹೊರಟ. ನಾನು ಹಿಂದೆ. ಹುಡುಗಿಯರ ಕಷ್ಟ ಹೇಳಲು ಹೋದ ಎಂದು ಯಾರಾದರೂ ಇದನ್ನು ಚಂದ ಮಾಡಿ ಹೇಳಿದರೆ ನಂಬಬೇಡಿ. ಅವನು ಹೋದದ್ದು ಲಾಳಿಯ ಮರ್ಯಾದೆಗೆ.

"ನನ್ನ ಲಾಳಿ ಕೊಡ್ರಿ, ಮಾಸ್ತರ."

"ಒಡದದ್ದು ಅಲ್ರಿ ಯಜಮಾನ್ರ ಅದು? ಏನ್ ಮಾಡ್ತೀರಿ?"

"ಒಡದ್ರೂ ಲಾಳೀನ. ಅದರ ಬದ್ಲಿ ನಿಮ್ಮ ಖಡು ಕಟ್ರಿ ಕೀಲಿಗೆ."

ಹೆಡ್‌ಮಾಸ್ತರರು ಮೇಜಿನ ಮೇಲಿದ್ದ ಸೀಮೆಸುಣ್ಣವನ್ನೇ, ಅಂದರೆ ತಮ್ಮ ಖಡುವನ್ನೇ, ಒಂದು ಗಳಿಗೆ ನೋಡಿ ಲಾಳಿ ಬಿಚ್ಚಿಕೊಟ್ಟರು. ಭಾರ ಕಳೆದುಕೊಂಡ ಕೀಲಿಕೈ ವಾರ ತುಂಬುವುದರೊಳಗೆ ಕಳೆದುಹೋಯಿತು. ಕೀಲಿ ಒಡೆಯಬೇಕಾಯಿತು. ಬಾಗಿಲು ತೆರೆದುಕೊಂಡಿತು. ಅಜ್ಜ ಮನೆಯಲ್ಲಿ, "ಕೀಲಿ ಇಲ್ಲಂದ ಮ್ಯಾಲ ಹುಡುಗಿ ಹೋಗ್ಲಿ ಬಿಡು" ಎಂದ. ಆಯಿ ಒಪ್ಪಿದಳು, ಆದರೆ ಶರತ್ತಿನ ಮೇಲೆ: ಗಿರಿಜಾ ದಿನಾ ಒಂದು ಬಾಟಲಿ ನೀರು ಒಯ್ಯಬೇಕು, ಸಂಜೆ ಖಾಲಿ ಬಾಟಲಿ ತಂದು ತೋರಿಸಬೇಕು. ಒಂದು ದಿನ ನೀರು ಉಳಿದರೂ ಶಾಲೆ ಬಂದ್.

ಬಾಟಲಿ ಖಾಲಿಯಾಗಿಯೇ ಬರುತ್ತಿತ್ತು. ಆದರೆ ತೆರೆದ ಬಾಗಿಲ ಹಿಂದೆ ಬಿಳಿ ಟೈಲ್ಸ್ ಕೆಲವೇ ದಿನಗಳಲ್ಲಿ ನೋಡಬಾರದಂತಾದವು. ಒಳಗೆ ನೀರಿಲ್ಲ, ನೀರಿನ ಟಾಕಿ ಇದ್ದದ್ದು ಅಂಗಳದ ಆಚೆ. ಬಂದವರು ಬಂದಂತೆ ಬಿಟ್ಟುಹೋಗುತ್ತಿದ್ದರು. "ಹೇಳಿದ್ದಿಲ್ಲೇನು ನಾ?" ಎಂದು ಹೆಡ್‌ಮಾಸ್ತರರು ಹೊಸ ಕೀಲಿ ತರಿಸಿದರು. ಗಿರಿಜಕ್ಕ ಬಾಟಲಿಯ ನೀರನ್ನು ಶಾಲೆಯ ದಾಸವಾಳಕ್ಕೆ ಹಾಕುವುದನ್ನು ನಾನು ನೋಡಿದೆ. ಆಯಿಗೆ ಹೇಳ್ತೀನಿ ಎಂದೆ. ಅವಳು ನನ್ನನ್ನು ಹೊಡೆಯಲಿಲ್ಲ. ನನ್ನ ಕೈ ಹಿಡಿದುಕೊಂಡು ನೇರ ಹೆಡ್‌ಮಾಸ್ತರರ ಕೋಣೆಗೆ ಹೋದಳು.

"ಕೀಲಿ ಬ್ಯಾಡ್ರಿ, ಸರ್. ಹೋದವರು ತಾವು ಚಂದಂಗ ನೀರು ಹಾಕಿ, ಹಿಂದಿನವರಿಗೆ ಒಂದು ಬಕೀಟು ತುಂಬಿ ಇಟ್ಟು ಬರ್ಲಿ. ನಮ್ಮನ್ಯಾಗ ಕಂಡಿಕಿ ಹಂಗ ಇಡ್ತೀವ್ರಿ."

"ನೀ ಹೇಳಿದ್ರ ಯಾರ ಕೇಳ್ತಾರ?"

"ನೀವು ಒಂದ್ಸಲ ತುಂಬ್ರಿ. ಕೇಳ್ತಾರ."

ಅವರು ಗದರಿ ಹೊರಗೆ ಹಾಕಿದರು. ಮರುದಿನ ಇಡೀ ಗಿರಿಜಕ್ಕ ಅವರ ಕಣ್ಣಿಗೆ ಬೀಳದೆ ಓಡಾಡಿದಳು. ಅದರ ಮರುದಿನ, ಸಣ್ಣ ಬಿಡುವಿನಲ್ಲಿ, ಹೆಡ್‌ಮಾಸ್ತರರು ಪ್ಯಾಂಟಿನ ತುದಿ ಮಡಚಿಕೊಂಡು ಟಾಕಿಯಿಂದ ಬಕೀಟು ತುಂಬಿ, ಕಟ್ಟೆಯ ಹುಡುಗರ ಮುಂದೆಯೇ ಅಂಗಳ ದಾಟಿ, ಒಳಗಿಟ್ಟು ಬಂದರು. ಯಾರೂ ಮೊಳ ಕೇಳಲಿಲ್ಲ. ಆ ಬೇಸಿಗೆಯವರೆಗೆ ಬಕೀಟು ಎಂದೂ ತಪ್ಪಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಸಲ ಖಾಲಿ ಇತ್ತು, ಎಷ್ಟೋ ಸಲ ಸಾಬೂನು ಕಳುವಾಯಿತು. ಆದರೆ ಹೊಸ ಕೀಲಿ ಕಾಗದದ ಪೊಟ್ಟಣದಲ್ಲೇ ಉಳಿಯಿತು. ಗಿರಿಜಕ್ಕ ಸಂಜೆ ಲಂಗದ ಅಂಚು ತೋಯಿಸಿಕೊಂಡು ಬರುತ್ತಿದ್ದಳು. "ನಮ್ಮನಿ ಹುಡುಗಿ ಸಂಡಾಸಕ್ಕ ನೀರು ಹೊರತಾಳ, ನೋಡು" ಎಂದು ಆಯಿ ಗೊಣಗುತ್ತ, ಖಾಲಿ ಬಾಟಲಿಯನ್ನು ಬೋರಲು ಹಾಕಿ ಅಲ್ಲಾಡಿಸಿ, ಲಂಗ ಒಣಹಾಕುತ್ತಿದ್ದಳು. ಶಾಲೆ ಬಂದ್ ಆಗಲಿಲ್ಲ.

ಈಗ ಆ ಮನೆಯಿಲ್ಲ. ಅಜ್ಜನ ನಂತರ ಮಗ್ಗ ಬಿಚ್ಚಿದರು, ಕುಣಿಗೆ ಮಣ್ಣು ತುಂಬಿ ಸಿಮೆಂಟು ಹಾಕಿದರು. ಆಯಿ ಕೊನೆಯವರೆಗೂ ಅದರ ಮೇಲೆ ಕಾಲಿಡದೆ ಬದಿಯಿಂದ ಸುತ್ತಿ ನಡೆಯುತ್ತಿದ್ದಳು. ಮನೆ ಮಾರಿದ ಮೇಲೆ ಅಲ್ಲಿ ಬೈಕು ರಿಪೇರಿಯ ಗ್ಯಾರೇಜು ಬಂದಿದೆ. ಅಜ್ಜ ಮರಳಿ ತಂದು ದೇವರ ಜಗುಲಿಯ ಮೇಲಿಟ್ಟಿದ್ದ ಆ ಲಾಳಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಗಿರಿಜಕ್ಕ ಓದು ಮುಗಿಸಿ ಮುಂಡರಗಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾಳೆ. ಮಗ್ಗದ ಸದ್ದಿಲ್ಲದ ಓಣಿಗೆ ತಾನು ಬರುವುದಿಲ್ಲ ಎನ್ನುತ್ತಾಳೆ.

ಹೊರಗೆ ಹೋಗಿದ್ದ ಹುಡುಗಿ ಬಾಗಿಲಲ್ಲಿ ಮತ್ತೆ ಕಾಣಿಸಿದಾಗ ನಾನು ಕೈಸನ್ನೆ ಮಾಡಿ ಕರೆದೆ. ಲಾಳಿ ಅಂದ್ರ ಏನವಾ ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಸಂಡಾಸ್ರಿ, ಮೇಡಂ. ನಿಮ್ಮ ಸಾಲ್ಯಾಗ ಇದ್ದಿದ್ದಿಲ್ಲೇನ್ರಿ?"

ತೀರ್ಪುಗಾರಳಾಗಿ ಬಂದವಳಿಗೆ ತಿದ್ದುವುದೇ ಕಸುಬು. ಅಜ್ಜನಿದ್ದಿದ್ದರೆ ರುಮಾಲು ಸುತ್ತಿಕೊಳ್ಳುತ್ತಿದ್ದ. ನಾನು, ಇತ್ತವಾ, ಎಂದಷ್ಟೇ ಹೇಳಿದೆ. ಅವಳು ಓಡಿಹೋಗಿ ತನ್ನ ಜಾಗದಲ್ಲಿ ಕೂತಳು. ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದಳು.

"ಏ, ಸರಿ ಅತ್ತಾಗ. ಬಕೀಟಿನ ನೀರಿಗೆ ಲಂಗದ ಅಂಚು ಹಸಿ ಆಗೇತಿ ನಿಂದು."