ಮಳೆಮರದ ಕೆಳಗಿನ ಇಸ್ತ್ರಿಯವಳು

ಅವಳ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ರೋಮವೂ ಇರಲಿಲ್ಲ. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಝಳಕ್ಕೆ ಎಲ್ಲ ಸುಟ್ಟುಹೋಗಿ, ಆ ಕೈ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಎಡಗೈ ಮಾತ್ರ ಎಲ್ಲರ ಕೈಯಂತೆ. ಎರಡನ್ನೂ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಹೆಂಗಸರ ಕೈ ಕೂಡಿದಂತೆ ಕಾಣುತ್ತಿತ್ತು.

ಜೆ.ಪಿ. ನಗರದ ನಮ್ಮ ಬೀದಿಗೆಲ್ಲ ಅವಳು ಇಸ್ತ್ರಿ ಆಂಟಿ. ಅವಳಿಗೆ ನಾನು ಅಕ್ಕ. ದಿನಾ ಕೋಣನಕುಂಟೆಯಿಂದ ನಡೆದೇ ಬರುತ್ತಿದ್ದಳು. ನಮ್ಮ ಮೂರು ಮಹಡಿಯ ಬಿಲ್ಡಿಂಗಿನ ಗೇಟಿನ ಪಕ್ಕ, ಫುಟ್‌ಪಾತಿನ ಮೇಲೆ ಒಂದು ದೊಡ್ಡ ಮಳೆಮರ ಇತ್ತು. ಅದರ ಕೆಳಗೆ ಅವಳ ತಳ್ಳುಗಾಡಿ. ಬಿಲ್ಡಿಂಗ್ ಏಳುವ ಮುಂಚಿನಿಂದ ಮರ ಇತ್ತು. ಮಗನ ಸಂಸಾರದ ಜೊತೆ ನಾನು ಕೆಳಗಿನ ಮನೆಗೆ ಬರುವ ಮುಂಚಿನಿಂದ ಅವಳಿದ್ದಳು. ಸಂಜೆಯಾದರೆ ಮಳೆಮರದ ಎಲೆ ಮಡಚಿಕೊಳ್ಳುತ್ತದಲ್ಲ, ಅದೇ ಅವಳ ಗಡಿಯಾರ. ‘ಮರ ಕಣ್ ಮುಚ್ತು ಅಕ್ಕ, ನಾನೂ ಹೊರಟೆ’ ಎಂದು ಕೆಂಡಕ್ಕೆ ನೀರು ಚಿಮುಕಿಸುತ್ತಿದ್ದಳು.

ಸಾಧು ಹೆಂಗಸು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಬಾಯಿ ಕೆಟ್ಟದು. ಯಾರ ಪ್ಯಾಂಟಿನ ಜೇಬಿನಲ್ಲಿ ಏನು ಸಿಕ್ಕಿತು ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಇದ್ದಿಲು ಹೊತ್ತಿಸಲು ಹಾಲಿನ ಕವರು ಸುಡುತ್ತಿದ್ದಳು. ಆ ನಾತಕ್ಕೆ ನಾನು ಕಿಟಕಿಯಿಂದಲೇ ಬೈಯುತ್ತಿದ್ದೆ.

‘ಬೈಕೊಳ್ಳಿ ಅಕ್ಕ. ನಿಮ್ ಮಗನ ಕಾರು ಬಿಡೋದು ಸಾಂಬ್ರಾಣಿ ಹೊಗೆ ಪಾಪ’ ಎನ್ನುತ್ತಿದ್ದಳು.

ನಾನು ಕಿಟಕಿ ಮುಚ್ಚುತ್ತಿದ್ದೆ. ಬಿಸಿಲು ಇಳಿದ ಮೇಲೆ ಕುರ್ಚಿ ತಂದು ಅದೇ ಮರದ ಕೆಳಗೆ ಅವಳ ಎದುರು ಕೂರುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವಳು ಶಾಲೆಯ ಬಾಗಿಲೇ ತುಳಿದವಳಲ್ಲ. ಮಾತಿಗೆ ಅಷ್ಟು ಸಾಕಿತ್ತು.

ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಗೆಂದು ಬರೆದ ಚಾರ್ಟನ್ನು ತಂದು ಗಾಡಿಯ ಮೇಲೆ ಹರಡಿದಳು. ಭೂಮಿಯ ಸುತ್ತ ನೀಲಿ ಬಳಿದು, ಒಂದು ಕಡೆ ಬಿಳಿ ಬಿಟ್ಟಿದ್ದಳು.

‘ಇದು ಓಝೋನ್ ಪದರ ಆಂಟಿ. ಸೂರ್ಯನ ಕೆಟ್ಟ ಕಿರಣ ತಡೆಯುತ್ತೆ. ಫ್ರಿಡ್ಜು, ಏಸಿ, ಸ್ಪ್ರೇ ಇವುಗಳ ಗ್ಯಾಸಿಂದ ತೆಳ್ಳಗಾಗಿ ಇಲ್ಲಿ ತೂತಾಗಿತ್ತು.’

‘ನಾನೊಂದು ಲಂಗ ಸುಟ್ರೆ ಹೊಸದು ತಂದ್ಕೊಡು ಅಂತ ಬೀದಿ ರಂಪ ಮಾಡ್ತೀರ. ಇಷ್ಟಗಲ ಸುಟ್ಟೋರ್ನ ಯಾರೂ ಕೇಳ್ಲಿಲ್ವಾ?’

‘ಕೇಳಿದ್ರು. ಎಲ್ಲಾ ದೇಶದವರೂ ಸೇರಿ ಆ ಗ್ಯಾಸ್ ಬೇಡ ಅಂದ್ರು. ಈಗ ನಿಧಾನಕ್ಕೆ ಮುಚ್ಕೊಳ್ತಾ ಇದೆ.’

‘ಮತ್ತೆ ಈ ಪಾಟಿ ಸೆಕೆ ಯಾಕೆ?’

‘ಅದೇ ಬೇರೆ ಆಂಟಿ. ಪೆಟ್ರೋಲು, ಕಲ್ಲಿದ್ದಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂತಿದೆ. ಅದನ್ನ ನಿಲ್ಲಿಸೋಕೆ ಇನ್ನೂ ಯಾರೂ ಸರಿಯಾಗಿ ಮನಸ್ಸು ಮಾಡಿಲ್ಲ.’

ಅವಳು ನಂಬಲಿಲ್ಲ. ಮೆಟ್ರೊ ಕಂಬಕ್ಕೆಂದು ಆಳ ತೋಡಿದ್ದರಿಂದ ಭೂಮಿಯ ಒಡಲ ಬೆಂಕಿ ಹೊರಗೆ ಬರುತ್ತಿದೆ ಎಂಬುದೇ ಕೊನೆಯವರೆಗೂ ಅವಳ ವಾದ.

ಮುಂದಿನ ವರ್ಷ ನಮ್ಮ ಬಿಲ್ಡಿಂಗಿನವರು ಮನಸ್ಸು ಮಾಡಿದರು. ಭೂಮಿಯ ಬಿಸಿ ಇಳಿಸಬೇಕೆಂದು ತಾರಸಿಯ ಮೇಲೆ ಸೋಲಾರ್ ಹಲಗೆ ಹಾಕಿಸಿ, ಸಿಹಿ ಹಂಚಿದರು. ಆಮೇಲೆ ಗೊತ್ತಾಯಿತು, ಮಧ್ಯಾಹ್ನ ತಿರುಗಿದ ಮೇಲೆ ಮಳೆಮರದ ನೆರಳು ಹಲಗೆಗಳ ಮೇಲೆ ಬೀಳುತ್ತದೆ, ಕರೆಂಟು ಅರ್ಧವೂ ಬರುವುದಿಲ್ಲ. ಅಷ್ಟು ದೊಡ್ಡ ಮರ ಹಲಗೆ ಹಾಕಿಸುವ ಮುಂಚೆ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಕೊಂಬೆ ಸವರಲು ಅನುಮತಿ ತಂದರು. ಸವರುವವರು ಬಂದು ಬುಡದವರೆಗೂ ಸವರಿ ಹೋದರು.

ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಮೂರನೇ ಮಹಡಿಯವನು. ಗೇಟಿನ ಹತ್ತಿರ ಅವನನ್ನು ಹಿಡಿದುಕೊಂಡೆ.

‘ಏನಪ್ಪಾ, ತಂಪು ಮಾಡ್ತೀವಿ ಅಂತ ಹೇಳಿ ತಂಪು ಕೊಡೋ ಮರಾನೇ ಉರುಳಿಸಿದ್ರಲ್ಲ?’

‘ಆಂಟಿ, ನಿಮಗೆ ಅರ್ಥ ಆಗಲ್ಲ. ಇದು ಗ್ಲೋಬಲ್ ವಾರ್ಮಿಂಗ್ ವಿಷಯ. ಒಂದು ಮರ ಅಂತ ನೋಡಬಾರದು, ಇಡೀ ಪ್ರಪಂಚ ನೋಡ್ಬೇಕು.’

‘ನಿನ್ನ ಪ್ರಪಂಚದಲ್ಲಿ ಅವಳು ಎಲ್ಲಿ ನಿಲ್ತಾಳೆ?’

‘ಬೇರೆ ಕಡೆ ನಿಲ್ಲಿಸ್ಕೊಳ್ಲಿ ಗಾಡಿನ. ಜಾಗಕ್ಕೇನು ಬರನಾ?’

ಬರವೇ. ಅವಳಿಗೆ ಬಟ್ಟೆ ಕೊಡುವವರೆಲ್ಲ ಈ ಬೀದಿಯವರು. ಪಕ್ಕದ ಬೀದಿಗಳ ಮರದ ಕೆಳಗೆ ಆಗಲೇ ಬೇರೆ ಗಾಡಿಗಳಿದ್ದವು. ಅವಳು ಗಾಡಿಗೆ ಕೋಲು ಕಟ್ಟಿ ಹಳೆಯ ಬೆಡ್‌ಶೀಟ್ ಹೊದಿಸಿದಳು. ಗೇಟಿನ ಮುಂದೆ ಕೊಳಕಾಗಿ ಕಾಣುತ್ತದೆ ಎಂದು ವಾಚ್‌ಮನ್ ಕೈಯಲ್ಲಿ ಬಿಚ್ಚಿಸಿದರು. ನಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ಮಾಡಿಕೋ ಎಂದೆ. ಒಳಗೆ ಕೆಂಡ ತರಕೂಡದು ಎಂದು ನೋಟಿಸು ಅಂಟಿಸಿದರು.

‘ಬಿಸಿಲು ಇಳಿಯೋವರೆಗೂ ಮನೇಲಾದ್ರೂ ಇರೇ’ ಎಂದು ಗದರಿದೆ.

‘ಮನೆ ಮೇಲಿರೋದು ಶೀಟು ಅಕ್ಕ. ಇಲ್ಲಿ ಮೇಲಿಂದ ಮಾತ್ರ ಸುಡುತ್ತೆ, ಅಲ್ಲಿ ನಾಕೂ ಕಡೆಯಿಂದ ಬೇಯಿಸುತ್ತೆ. ಇಲ್ಲಾದ್ರೆ ನಿಮ್ಮಂಥೋರ್ನ ಬೈಕೊಂಡು ಹೊತ್ತು ಹೋಗುತ್ತೆ.’

ಅವಳ ಮುಖ ಕಪ್ಪಿಟ್ಟಿತು. ಬೈಗುಳ ಕಡಿಮೆಯಾಯಿತು. ಒಗೆದ ಬಟ್ಟೆಯ ಗಂಟನ್ನು ಬಿಚ್ಚುತ್ತ ಬಿಚ್ಚುತ್ತ ನಿಂತುಬಿಡುತ್ತಿದ್ದಳು, ಎಲ್ಲಿದ್ದೇನೆಂದು ಮರೆತವಳಂತೆ.

ಏಪ್ರಿಲಿನಲ್ಲಿ ಬಿಲ್ಡಿಂಗಿನವರು ಭೂಮಿ ದಿನ ಮಾಡಿದರು. ಪ್ಲಾಸ್ಟಿಕ್ ಕೂಡದೆಂದು ಬಟ್ಟೆಯ ಬ್ಯಾನರು ಬರೆಸಿದ್ದರು. ಸುಕ್ಕಾಗಿದೆ, ಸಂಜೆಗೆ ಬೇಕು ಎಂದು ಉರಿಬಿಸಿಲಿನಲ್ಲಿ ಅವಳಿಗೇ ತಂದುಕೊಟ್ಟರು. ನಾನು ಮಜ್ಜಿಗೆ ಹಿಡಿದುಕೊಂಡು ಹೋದಾಗ ಮರದ ಮೋಟಿನ ಪಕ್ಕ ನಿಂತು ಅದನ್ನು ಉಜ್ಜುತ್ತಿದ್ದಳು.

‘ಏನ್ ಬರ್ಸವ್ರೆ ಅಕ್ಕ ಇದ್ರಲ್ಲಿ?’

‘ಭೂಮಿ ತಾಯಿನ ತಂಪಾಗಿ ಇಟ್ಕೊಳ್ಳೋಣ ಅಂತ.’

‘ಇಟ್ಕೊಳ್ಲಿ ಬುಡಿ. ತಾಯಿ ಪುಣ್ಯವಂತೆ.’

ಮಜ್ಜಿಗೆ ಕುಡಿದು ಲೋಟ ಕೊಟ್ಟಳು. ಅಂಥ ಬಿಸಿಲಿನಲ್ಲಿ ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಒಳಗೆ ಬಾರೇ ಎಂದೆ. ‘ಇದೊಂದು ಮುಗ್ಸಿ’ ಎಂದಳು. ನಾನು ಲೋಟ ತೊಳೆದಿಡುವಷ್ಟರಲ್ಲಿ ವಾಚ್‌ಮನ್ ಕೂಗಿದ. ಗಾಡಿಯ ಚಕ್ರಕ್ಕೆ ಒರಗಿ ಕುಸಿದಿದ್ದಳು. ಮೈ ಕಾದ ಹೆಂಚಿನಂತಿತ್ತು, ಬಾಯಲ್ಲಿ ಏನೇನೋ ಬಡಬಡಿಕೆ. ನೀರು ಸುರಿದೆವು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಸಂಜೆಯೊಳಗೆ ಹೋಗಿಬಿಟ್ಟಳು. ಬಿಸಿಲಿನ ಹೊಡೆತ ಎಂದರು ಡಾಕ್ಟರು.

ಮಾರನೆಯ ದಿನ ಬೆಳಿಗ್ಗೆಯೇ ಜನ ನಮ್ಮ ಬಾಗಿಲು ಬಡಿದರು. ಗಾಡಿಯ ಮೇಲಿದ್ದ ಬಟ್ಟೆಯ ಗಂಟನ್ನು ನಾನೇ ಒಳಗೆ ತಂದಿಟ್ಟಿದ್ದೆ. ‘ಪಾಪ, ಹೀಗಾಗಬಾರದಿತ್ತು’ ಎನ್ನುತ್ತ ತಮ್ಮ ತಮ್ಮ ಶರ್ಟು ಹುಡುಕಿಕೊಂಡರು. ಒಬ್ಬಳಂತೂ ತನ್ನ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಲೆಯಾಗಿದೆಯೇ ಎಂದು ನೋಡಿದಳು.

ಭಾನುವಾರದ ಮೀಟಿಂಗಿನಲ್ಲಿ ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತರು. ಮತ್ತೆ ಕೂತ ಮೇಲೆ ಸೆಕ್ರೆಟರಿ, ‘ಏನು ಮಾಡೋಕಾಗುತ್ತೆ, ವಯಸ್ಸಾಗಿತ್ತು’ ಎಂದ. ಹೌದು, ವಯಸ್ಸಾಗಿತ್ತು ಎಂದರು ಉಳಿದವರು.

‘ನನಗಿಂತ ಚಿಕ್ಕೋಳು ಕಣಪ್ಪ ಅವಳು. ನಾನ್ಯಾಕೆ ಸಾಯ್ಲಿಲ್ಲ?’ ಎಂದೆ.

‘ಅಮ್ಮ, ಸುಮ್ನೆ ಕೂತ್ಕೊಮ್ಮ’ ಎಂದು ಮಗ ಸೆರಗು ಎಳೆದ.

‘ನಾನು ಫ್ಯಾನಿನ ಕೆಳಗಿದ್ದೆ, ಅದಕ್ಕೆ ಸಾಯ್ಲಿಲ್ಲ. ವಯಸ್ಸಂತೆ, ವಯಸ್ಸು!’

ಸೆಕ್ರೆಟರಿ ಕನ್ನಡಕ ಸರಿ ಮಾಡಿಕೊಂಡು ಮುಂದಿನ ವಿಷಯ ಓದಿದ: ಮರ ಹೋದ ಮೇಲೆ ತಾರಸಿಗೆ ರಸ್ತೆಯ ಧೂಳು ಜಾಸ್ತಿ ಬರುತ್ತಿದೆ, ಹಲಗೆ ಒರೆಸಲು ಯಾರನ್ನು ಗೊತ್ತು ಮಾಡುವುದು?