ಆರಿಸಿದರೂ ನಿಲ್ಲದ ಎಂಜಿನ್ನು

ಕಾರಿನಲ್ಲಿ ಅವ್ವ ಕೂತಿದ್ದ ಕಡೆಯ ಬಾಗಿಲು ತೆಗೆದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ತೆಗೆದೆ ಎಂದು ನೆನಪು ಹೇಳುತ್ತದೆ. ಆ ನೆನಪಿನಲ್ಲಿ ನಾನು ತೀರಾ ಧೈರ್ಯವಂತನಂತೆ ಕಾಣುವುದರಿಂದ ನಂಬಲು ಮನಸ್ಸು ಬರುವುದಿಲ್ಲ.

ಅದು ಆಯುಧ ಪೂಜೆಯ ಹಿಂದಿನ ದಿನ. ಬೆಳಿಗ್ಗೆ ಸಿಂಧಘಟ್ಟದ ಮನೆಯಂಗಳದಲ್ಲಿ ಚಿಕ್ಕಪ್ಪ ಟ್ರಾಕ್ಟರನ್ನೂ ಅಪ್ಪನ ಕಾಲದ ಡೀಸೆಲ್ ಅಂಬಾಸಿಡರನ್ನೂ ತೊಳೆದು, ಆಯಿಲ್ ನೋಡಿ, ಹಬ್ಬಕ್ಕೆ ಸಜ್ಜು ಮಾಡಿದ್ದರು. ಆಮೇಲೆ ಅವರು, ಅವ್ವ, ನಾನು ಮೂವರೂ ಆ ಕಾರಿನಲ್ಲಿ ಕೆ.ಆರ್. ಪೇಟೆಗೆ ಹೋಗಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆ ಕೊಂಡು ವಾಪಸಾಗುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಚಿಕ್ಕಪ್ಪ ಪಕ್ಕದಲ್ಲಿದ್ದರು. ಮಂಡಿನೋವಿನ ಅವ್ವ ಹಿಂದೆ ಎಡಬಾಗಿಲಿಗೆ ಒತ್ತಿಕೊಂಡು ಕುಳಿತಿದ್ದಳು. ಸೀಟಿನ ಉಳಿದ ಜಾಗವೆಲ್ಲ ಕುಂಬಳಕಾಯಿಗಳದು.

ದಿಣ್ಣೆ ಹತ್ತಲು ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಕನ್ನಡಿಯಲ್ಲಿದ್ದ ರಸ್ತೆ ನೀಲಿ ಬೆರೆತ ಬಿಳಿ ಹೊಗೆಯಲ್ಲಿ ಮುಚ್ಚಿಹೋಯಿತು. ಕಾಲು ತೆಗೆದರೆ ಎಂಜಿನ್ನು ಇನ್ನೂ ಜೋರಾಗಿ ಅರಚಿತು. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ನು ಆರಿಸುವ ಗುಂಡಿ ಎಳೆದೆ, ಕೀಲಿಯನ್ನೂ ತೆಗೆದೆ. ನಿಲ್ಲಲಿಲ್ಲ. ನಾನು ಭೌತಶಾಸ್ತ್ರ ಓದಿದವನು. ಡೀಸೆಲ್ ನಿಲ್ಲಿಸಿದ ಮೇಲೂ ಅದು ಏನನ್ನು ಉರಿಸುತ್ತಿದೆ ಎಂದು ಯೋಚಿಸಬೇಕಿತ್ತು. ಯೋಚಿಸಿದ್ದು ಒಂದೇ: ಒಡೆದರೆ ಚೂರುಗಳು ಅವ್ವ ಕೂತಲ್ಲಿಗೆ ಬರುತ್ತವೆಯೇ?

ಇಲ್ಲಿ ನೆನಪು ಕದಡಿದೆ. ಆಮೇಲಿನ ಚಿತ್ರದಲ್ಲಿ ಅವ್ವ ರಸ್ತೆಬದಿಯಲ್ಲಿದ್ದಾಳೆ, ನಾನು ಸ್ಟೀರಿಂಗಿನ ಹಿಂದಿದ್ದೇನೆ, ಚಿಕ್ಕಪ್ಪ ಹೊರಗಿನಿಂದ ಕಿಟಕಿಗೆ ಬಾಯಿಟ್ಟಿದ್ದಾರೆ.

"ಟಾಪ್ ಗೇರಾಕ್ಲಾ. ಬ್ರೇಕ್ ಮೆಟ್ಕಂಡು ಕ್ಲಚ್ ಬುಡು."

ಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು.

ಆಮೇಲೂ ಬಾನೆಟ್ಟಿನ ಹತ್ತಿರ ಹೋಗಲು ಭಯ. ಗ್ಯಾಸ್ಕೆಟ್ ಹೋಗಿದೆ ಎಂದರು ಚಿಕ್ಕಪ್ಪ. ಪಿಸ್ಟನ್ ರಿಂಗು ಎಂದೆ ನಾನು. ಬಿಸಿ ಇಳಿದ ಮೇಲೆ ನೋಡಿದರೆ ರೇಡಿಯೇಟರಿನ ನೀರು ಕಡಿಮೆಯಾಗಿರಲಿಲ್ಲ, ಅದರ ಮೇಲೆ ಎಣ್ಣೆಯ ಪೊರೆಯೂ ಇರಲಿಲ್ಲ; ಗ್ಯಾಸ್ಕೆಟ್ ಅಲ್ಲ. ಎಂಜಿನ್ನಿನ ಆಯಿಲ್ ಬೆಳಗಿನಷ್ಟೇ ಇತ್ತು, ಎಂದಿನಂತೆ ಮಸಿಗಪ್ಪು; ರಿಂಗೂ ಅಲ್ಲ. ಕೊನೆಗೆ ಏರ್ ಕ್ಲೀನರಿನ ಪೈಪು ಬಿಚ್ಚಿ ಬೆರಳಾಡಿಸಿದೆ. ಬೆರಳಿಗೆ ಹತ್ತಿದ್ದು ಜೇನಿನ ಬಣ್ಣದ ಹೊಸ ಆಯಿಲ್.

ಹಳೆಯ ಕಾರುಗಳಲ್ಲೂ ಟ್ರಾಕ್ಟರಿನಂತೆಯೇ ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ಕೂರಲೆಂದು ಒಂದು ಡಬ್ಬಿಯಲ್ಲಿ ಆಯಿಲ್ ಇರುತ್ತದೆ. ಗೆರೆ ಮೀರಿ ಹಾಕಿದರೆ ಎಂಜಿನ್ನು ಅದನ್ನೂ ಎಳೆದುಕೊಂಡು ಉರಿಸುತ್ತದೆ. ಎಷ್ಟು ಹಾಕಿದಿರಿ ಎಂದು ಕೇಳಿದೆ.

"ಟ್ರಾಕ್ಟರಿಗೆ ಆಕ್ದಂಗೇ ಕಣ್ಲಾ. ಮಿಕ್ಕಿತ್ತು. ಅಬ್ಬ ಅಲ್ವಾ, ಇದೂ ವಸಿ ಉಣ್ಲಿ ಅಂತ."

"ಒಬ್ಬಟ್ಟೂ ಇಕ್ಬೇಕಿತ್ತು ಅದ್ಕೆ," ಎಂದಳು ಅವ್ವ, ದೂರದಿಂದಲೇ.

ಡಬ್ಬಿಯ ಆಯಿಲ್ ಗೆರೆಗೆ ಇಳಿಸಿ, ಪೈಪು ಒರೆಸಿ, ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊಗೆ ಉಗುಳಿ ಸರಿಯಾಯಿತು. ಅವ್ವ ಮಾತ್ರ ಹತ್ತಲಿಲ್ಲ. ಆಟೋ ಹಿಡಿದು ಬಂದಳು.

ಬಾಗಿಲು ತೆಗೆದದ್ದು ತಾವು ಎನ್ನುತ್ತಾರೆ ಚಿಕ್ಕಪ್ಪ. ಅವ್ವನನ್ನು ಕೇಳಿದರೆ, "ನಾನೇ ತಕ್ಕಂಡು ಇಳುದ್ನಪ್ಪ. ನಿಮ್ಗೆಲ್ಲಿತ್ತು ಗ್ಯಾನ?" ಅದು ನಿಜವಾದರೆ ಹೊಗೆಯ ನಡುವೆ ನಾವಿಬ್ಬರೂ ಅವಳನ್ನು ಮರೆತಿದ್ದೆವು. ಈ ಯೋಚನೆ ಎಂಜಿನ್ನಿಗಿಂತ ಹೆಚ್ಚು ದಿನ ನನ್ನನ್ನು ಹೆದರಿಸಿತು.

ಕೊನೆಗೊಂದು ಮಧ್ಯಾಹ್ನ ಕಾರಿನಲ್ಲಿ ಅವಳ ಜಾಗದಲ್ಲೇ ಕುಳಿತು ಬಾಗಿಲು ಹಾಕಿಕೊಂಡೆ. ಒಳಗಿನ ಹಿಡಿ ಸುಮ್ಮನೆ ತಿರುಗಿತು. ಗಾಜೂ ಇಳಿಯಲಿಲ್ಲ. ಕೂಗಿದ್ದಕ್ಕೆ ಅವ್ವ ಬಂದು ಹೊರಗಿನಿಂದ ತೆಗೆದಳು.

"ನಿಮ್ಮಪ್ಪ ಇದ್ದಾಗ್ಲಿಂದ್ಲೂ ಅಂಗೇ ಕಣಪ್ಪ ಅದು."

ಅವತ್ತು ತೆಗೆದದ್ದು ಚಿಕ್ಕಪ್ಪನೋ ನಾನೋ, ಈಗಲೂ ಗೊತ್ತಿಲ್ಲ. ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.