ನುಡಿ ಕೊಡಬಾರದೆಂದಿದ್ದೆ

ನಾವುಂದದಲ್ಲಿ ಹೆದ್ದಾರಿ ಪಕ್ಕದ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಸಭೆ ಸೇರುತ್ತದೆ. ಕೆಳಗೆ ಮೊಬೈಲ್ ಅಂಗಡಿ, ಅದರ ಪಕ್ಕ ಟೈಲರ್. ಮೇಲೆ ಹತ್ತುವುದಕ್ಕೆ ಒಂದೇ ಮೆಟ್ಟಿಲು, ಇಳಿಯುವುದಕ್ಕೂ ಅದೇ. ನಾನು ಮತ್ತು ನನ್ನ ಹೆಂಡತಿ ಹಿಂದಿನ ಎರಡು ಕೋಣೆಗಳಲ್ಲಿ ವಾಸವಾಗಿದ್ದೇವೆ. ಆ ಮೆಟ್ಟಿಲ ಬುಡದಲ್ಲಿ ಯಾರಾದರೂ ಕೈಮುಗಿದು ನಿಂತರೆ ತಪ್ಪಿಸಿಕೊಳ್ಳಲು ನನಗೆ ಬೇರೆ ದಾರಿಯಿಲ್ಲ.

ಇಲ್ಲಿ ಹೀಗೆ ಬೇರುಬಿಡುವ ಯೋಚನೆ ನನ್ನದಾಗಿರಲಿಲ್ಲ. ನನ್ನೂರು ಬ್ರಹ್ಮಾವರದ ಕಡೆ. ಮುಂಬಯಿಯ ಹೋಟೆಲೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಾಗ ಯೇಸುವಿನ ವಿಶ್ವಾಸಕ್ಕೆ ಬಂದೆ. ಪಾಸ್ಟರ್ ತರಬೇತಿ ಮುಗಿದ ಮೇಲೆ ಅಲ್ಲಿನ ಸಭೆಯ ಹಿರಿಯರು, ನಿಮ್ಮ ಕಡೆಯ ಮಾತು ನಿಮಗೇ ಬರುವುದು, ನೀವೇ ಹೋಗಿ ಎಂದು ಕಳುಹಿಸಿದರು. ಮಾತಾಗಿದ್ದದ್ದು ಇಷ್ಟು: ನಾವುಂದದಲ್ಲಿ ಒಂದು ಸಭೆ ಶುರುಮಾಡುವುದು, ಬಂದವರಿಗೆ ತಾವೇ ಬೈಬಲ್ ವಾಕ್ಯ ಓದಲು, ತಾವೇ ಪ್ರಾರ್ಥಿಸಲು, ತಾವೇ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಕಲಿಸುವುದು. ಅದು ತನ್ನ ಕಾಲ ಮೇಲೆ ನಿಂತ ದಿನ ಅವರಲ್ಲೇ ಒಬ್ಬರಿಗೆ ಒಪ್ಪಿಸಿ ಬೈಂದೂರಿಗೆ ಹೊರಡುವುದು. ಬೈಂದೂರಿನಲ್ಲಿ ಎರಡು ಮನೆಯವರು ಆಗಲೇ ಕಾಯುತ್ತಿದ್ದರು.

ಮೊದಮೊದಲು ನಮ್ಮನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಊರಿಗೆ ತಿಳಿಯಲಿಲ್ಲ. ಕುಂದಾಪುರದಲ್ಲಿ, ಬ್ರಹ್ಮಾವರದಲ್ಲಿ ಹಳೆಯ ಇಗರ್ಜಿಗಳಿವೆ. ಗಂಟೆ ಇದೆ, ಸ್ಮಶಾನ ಇದೆ, ತಲೆಮಾರುಗಳಿಂದ ಇರುವ ಜನ ಇದ್ದಾರೆ. ನಮ್ಮಲ್ಲಿ ಇದ್ದದ್ದು ಪ್ಲಾಸ್ಟಿಕ್ ಕುರ್ಚಿ, ಒಂದು ಢೋಲಕ್. ಕಟ್ಟಡದ ಯಜಮಾನರು ಕೇಳಿದವರಿಗೆಲ್ಲ "ಮ್ಯಾಲೆ ಎಂತದೋ ಭಜನೆ ನಡೀತ್" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ.

ಮೊದಲು ಬಂದವರು ಮೀನು ಮಾರುವ ಅಕ್ಕ. ಬೆಳಿಗ್ಗೆ ಬುಟ್ಟಿ ಖಾಲಿಮಾಡಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತವರು, ತಿಂಗಳೊಳಗೆ ನಾನು ಹೇಳಿಕೊಡುವ ಮೊದಲೇ ಪ್ರಾರ್ಥಿಸಲು ಶುರುಮಾಡಿದರು. ಅವರ ಪ್ರಾರ್ಥನೆ ನಮ್ಮ ತರಬೇತಿಯ ಪಾಠಗಳಲ್ಲಿ ಎಲ್ಲೂ ಇರಲಿಲ್ಲ. "ಕರ್ತನೇ, ನಿನ್ನೆ ಕೇಂಡದ್ದ್ ಎಂತ ಆಯ್ತ್? ಬಂಗ್ಡಿ ರೇಟ್ ಹೀಂಗ್ ಇಳ್ದ್ರೆ ನಾವ್ ಬದ್ಕುದ್ ಹ್ಯಾಂಗೆ? ಒಂಚೂರ್ ಕಾಣ್ ಮರಾಯ." ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ಸಲಿಗೆ ನನಗೆ ಇನ್ನೂ ಬಂದಿಲ್ಲ.

ಅವರ ಗಂಡ ತಂಡೇಲ, ಅಂದರೆ ನಾಡದೋಣಿ ನಡೆಸುವ ಮುಖ್ಯಸ್ಥ. ನಾನು ಅಣ್ಣ ಎಂದೇ ಕರೆಯುತ್ತಿದ್ದ ಅವರಿಗೆ ನಮ್ಮ ಸಭೆಯ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಒಂದು ಭಾನುವಾರ ಹೆಂಡತಿಯನ್ನು ಬಿಡಲು ಬಂದವರು ಮೆಟ್ಟಿಲ ಬುಡದಲ್ಲೇ ನಿಂತು ತಮಾಷೆಗೆ ಕೇಳಿದರು.

"ಎಂತ ಪಾಸ್ಟ್ರೇ, ಇವತ್ತ್ ಕಡ್ಲಿಗೆ ಹೋಪ್ದಾ ಬ್ಯಾಡ್ದಾ?"

ಭಾನುವಾರವಲ್ಲವೇ, ಮೇಲೆ ಬಂದು ಕೂರಲಿ ಎಂದು ನಾನೂ ತಮಾಷೆಗೆ "ಇವತ್ತ್ ಬ್ಯಾಡ" ಎಂದೆ. ಏನನ್ನಿಸಿತೋ, ಅವರು ಹೋಗಲಿಲ್ಲ. ಮೇಲೆಯೂ ಬರಲಿಲ್ಲ, ಮನೆಯಲ್ಲಿ ಮಲಗಿದರಂತೆ. ಅಂದು ಹೋದ ದೋಣಿಗಳ ಬಲೆಗಳಿಗೆಲ್ಲ ಲೋಳೆಮೀನು ತುಂಬಿತ್ತು. ಬಲೆ ಹರಿದು, ಕೈಯೆಲ್ಲ ತುರಿಸಿ ಊದಿಸಿಕೊಂಡು, ಒಂದು ಬುಟ್ಟಿ ಮೀನೂ ಇಲ್ಲದೆ ಜನ ದಡಕ್ಕೆ ಬಂದರು. ಅಣ್ಣನ ದೋಣಿ ಮರಳಿನ ಮೇಲೆ ನೆಟ್ಟಗೆ ಕೂತಿತ್ತು.

ಅಲ್ಲಿಂದ ಅವರಿಗೆ ನಂಬಿಕೆ ಬಂತು. ನನ್ನ ಮೇಲೆ ಬಂತು. ನಾನು ಹೇಳುವ ದೇವರ ಮೇಲೆ ಬರಲಿಲ್ಲ.

ನಮ್ಮ ಕರಾವಳಿಯಲ್ಲಿ ಮನೆಗೊಂದು ಕಷ್ಟ ಬಂದರೆ ದೈವದ ಸನ್ನಿಧಿಗೆ ಹೋಗುತ್ತಾರೆ. ಪಾತ್ರಿಯ ಮೈಮೇಲೆ ದೈವ ಬರುತ್ತದೆ, ಜನ ಕೈಮುಗಿದು ಕೇಳುತ್ತಾರೆ, ದೈವ ನುಡಿ ಕೊಡುತ್ತದೆ. ನುಡಿ ಸಿಕ್ಕ ಮೇಲೆ ಚರ್ಚೆಯಿಲ್ಲ. ಸಿಗದಿದ್ದರೆ ಎಲ್ಲೋ ಅಸಮಾಧಾನವಾಗಿದೆ, ಏನಾದರೂ ಒಪ್ಪಿಸಿ ಮತ್ತೆ ಬರಬೇಕು ಎಂದರ್ಥ. ನಾನೂ ಅಜ್ಜಿಯ ಕೈಹಿಡಿದು ಹಾಗೆ ನಿಂತು ಬೆಳೆದವನೇ. ಅದನ್ನು ಹಗುರವಾಗಿ ಕಾಣುವವನಲ್ಲ. ಆದರೆ ನನ್ನನ್ನೇ ಆ ಜಾಗದಲ್ಲಿ ನಿಲ್ಲಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಲೋಳೆಮೀನಿನ ಸುದ್ದಿ ಹೆಮ್ಮಾಡಿಯವರೆಗೆ ಹೋಯಿತು. ಮಗನನ್ನು ಗಲ್ಫಿಗೆ ಕಳಿಸುವುದೋ ಬೇಡವೋ, ಬಾವಿ ಎಲ್ಲಿ ತೋಡುವುದು, ಸ್ಕೂಟರ್ ಕೆಂಪೋ ಕಪ್ಪೋ. ಸಭೆಗೆ ಸೇರಿದವರೂ ಕೇಳಿದರು, ಸೇರದವರೂ ಕೇಳಿದರು. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತಾಗಲೂ ಬಿಡಲಿಲ್ಲ. "ನೀವೇ ಪ್ರಾರ್ಥಿಸಿ, ಮನೆಯವರ ಹತ್ತಿರ ಮಾತಾಡಿ, ನೀವೇ ತೀರ್ಮಾನ ಮಾಡಿ" ಎಂದರೆ ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ಮರುದಿನ ನಮ್ಮ ಬಾಗಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇರುತ್ತಿತ್ತು. ಪಾಸ್ಟರಿಗೆ ಅಸಮಾಧಾನವಾಗಿದೆ, ಒಪ್ಪಿಸಿದರೆ ಸರಿಹೋಗುತ್ತದೆ. ನಾನು ಹೆಚ್ಚು ನಿರಾಕರಿಸಿದಷ್ಟೂ ಹೆಚ್ಚು ಬಾಳೆಹಣ್ಣು. ಕೆಳಗಿನ ಟೈಲರ್ ತಿಂದ, ಮೊಬೈಲ್ ಅಂಗಡಿಯವನು ತಿಂದ, ಯಜಮಾನರ ದನ ತಿಂದಿತು. ವೇದಿಕೆಯಿಂದ ಬೈದೆ. ಕೋಪಿಸಿಕೊಂಡು ಒಂದು ಭಾನುವಾರ ಪ್ರಸಂಗವನ್ನೇ ಮಾಡದೆ ಕೂತೆ. ಆ ವಾರ ಗೊನೆಯೇ ಬಂತು.

ನನಗೆ ಉಸಿರು ಕಟ್ಟತೊಡಗಿತು. ಬ್ರಹ್ಮಾವರಕ್ಕೆ ಹೋಗಿ ಅಮ್ಮನನ್ನು ನೋಡಿ ಬರೋಣವೆಂದರೆ "ನೀವ್ ಇಲ್ದಿರ್ ಪ್ರಾರ್ಥನೆ ಮಾಡೂದ್ ಯಾರ್?" ಎನ್ನುತ್ತಿದ್ದರು. ನಾನು ಊರಿಗೆ ಹೋದ ವಾರಗಳಲ್ಲಿ ಬಾಗಿಲು ತೆರೆದು ಕೂತು, ಯಾರೂ ಬಾಯಿಬಿಡದೆ, ಮನೆಗೆ ಹೋಗುತ್ತಿದ್ದರು. ಅಕ್ಕ ಒಬ್ಬರೇ ಬಾಯಿಬಿಡುತ್ತಿದ್ದವರು. ಅವರು ನನ್ನನ್ನು ಎಂದೂ ನುಡಿ ಕೇಳಲಿಲ್ಲ, ಬಾಳೆಹಣ್ಣೂ ತರಲಿಲ್ಲ. ತಂದರೆ ಉಳಿದ ಮೀನು ತರುತ್ತಿದ್ದರು, ಅದೂ "ಇವತ್ತ್ ಯಾರಿಗೂ ಬ್ಯಾಡ ಆಯ್ತ್, ನೀವಾರೂ ತಿನ್ನಿ" ಎಂದು ಹೇಳಿಯೇ. ಸಭೆಯನ್ನು ಒಪ್ಪಿಸಿದರೆ ಅಕ್ಕನಿಗೇ ಎಂದು ನಾನು ಹೆಂಡತಿಗೆ ಹೇಳಿದ್ದೆ. ಅವರೊಬ್ಬರಿದ್ದರೆ ಉಳಿದವರು ನಿಧಾನಕ್ಕೆ ಕಲಿಯುತ್ತಾರೆ, ನಾವು ಹೊರಡಬಹುದು. ಬೈಂದೂರಿನಲ್ಲಿ ಬಾಡಿಗೆ ಮನೆಯನ್ನೂ ನೋಡಿ ಬಂದಿದ್ದೆವು. ಹಿಂದುಗಡೆ ಒಂದು ಪೇರಳೆ ಮರವಿತ್ತು. ಹೆಂಡತಿಗೆ ಅದರ ಮೇಲೆ ಮನಸ್ಸಾಗಿತ್ತು.

ಅಷ್ಟರಲ್ಲಿ ಅಣ್ಣನಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತನಾಳಗಳು ಕಟ್ಟಿವೆ, ಆಪರೇಷನ್ ಆಗಬೇಕು, ತಡಮಾಡುವ ಹಾಗಿಲ್ಲ ಎಂದರು ಡಾಕ್ಟರು. ಅಣ್ಣ ಅಂಗಿ ಹಾಕಿಕೊಂಡು ಮನೆಗೆ ಬಂದುಬಿಟ್ಟರು.

"ಎದಿ ಕೊಯ್ದ್ ಸಾಪ್ ಮಾಡುಕೆ ನಾನೆಂತ ಮೀನಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಪಾಸ್ಟ್ರ್ ಒಂದ್ ನುಡಿ ಕೊಡ್ಲಿ. ಹೋಯ್ಕ್ ಅಂದ್ರೆ ಈಗ್ಲೇ ಹೋತೆ. ಇಲ್ದಿರ್ ಇಲ್ಲೇ."

ಡಾಕ್ಟರ ಮಾತು ಕೇಳಿ ಅಣ್ಣ, ಅವರು ಓದಿದವರು ಎಂದೆ. "ಡಾಕ್ಟ್ರ್ ಹೇಳೂದ್ ಡಾಕ್ಟ್ರ್ ಮಾತ್" ಎಂದು ನಕ್ಕರು.

ಹೋಗು ಎಂದು ಒಂದು ಮಾತು ಹೇಳಲು ಏನು ಕಷ್ಟ ಎಂದು ಕೇಳಬಹುದು. ಸ್ನೇಹಿತನಾಗಿ ನೂರು ಸಲ ಹೇಳಿದ್ದೆ. ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ. ನುಡಿಯಾಗಿ ಹೇಳಬೇಕಿತ್ತು. ಹಾಗೆ ಹೇಳಿದರೆ, ನಾನು ಈ ಊರಲ್ಲಿ ಕಲಿಸಿದ್ದನ್ನೆಲ್ಲ ನನ್ನ ಬಾಯಿಂದಲೇ ಅಳಿಸಿದ ಹಾಗೆ. ಅವರು ಆಪರೇಷನ್ ಟೇಬಲ್ಲಿನ ಮೇಲೆ ತೀರಿಹೋದರೆ ನನ್ನ ನುಡಿಯಿಂದ ಸತ್ತರು. ಹೇಳದಿದ್ದರೆ ನಾನು ಹೇಳದೆ ಇದ್ದದ್ದರಿಂದ ಸತ್ತರು. ಎತ್ತ ತಿರುಗಿದರೂ ಗೋಡೆ.

ಅಕ್ಕ ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ನೀವ್ ಎಂತದೂ ಹೇಳೂದ್ ಬ್ಯಾಡ, ಪಾಸ್ಟ್ರೇ. ನಾನ್ ಕರ್ತನತ್ರ ಕೇಂತಾ ಇದ್ದೆ. ಅವ್ರ್ ಮನ್ಸ್ ಅವನೇ ತಿರ್ಗಿಸ್ತ. ತಿರ್ಗಿಸ್ದೆ ಎಲ್ಲಿಗ್ ಹೋತ?"

ಇಂಥ ಮಾತು ಕೇಳಲಿಕ್ಕೇ ನಾನು ಮುಂಬಯಿ ಬಿಟ್ಟು ಬಂದದ್ದು. ಮೇಲೆ ಹೋಗಿ ಹೆಂಡತಿಗೆ ಸಂತೋಷದಿಂದ ಹೇಳಿದರೆ ಅವಳು ಸೌಟು ಹಿಡಿದೇ ಹೊರಗೆ ಬಂದಳು.

"ಹ್ವಾಯ್, ಅವ್ರ್ ಜೀವ ದೊಡ್ಡದಾ, ನಿಮ್ಮ್ ಪಾಠ ದೊಡ್ಡದಾ?"

ಅಕ್ಕ ದಿನವೂ ಬಂದು ಬೇಡುತ್ತಿದ್ದರು, ಜಗಳವಾಡುತ್ತಿದ್ದರು. ಅವರ ಪಕ್ಕ ಕೂತು ನಾನೂ ಬೇಡುತ್ತಿದ್ದೆ. ಅಣ್ಣ ಹಟ ಬಿಡಲಿಲ್ಲ.

ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದಾಗ ಅಣ್ಣ ಬಾವಿಕಟ್ಟೆಯಿಂದ ಜಗಲಿಗೆ ಬರುತ್ತಿದ್ದರು. ನಾಲ್ಕು ಹೆಜ್ಜೆಯ ದಾರಿ. ನಡುವೆ ಎರಡು ಸಲ ನಿಂತರು. ಕೂತಾಗ ತುಟಿ ನೀಲಿಯಾಗಿತ್ತು. ಉಸಿರು ಹಿಡಿಯಲಾಗದೆ, ಮಾತಾಡಲಾಗದೆ, ನನ್ನ ಕಡೆ ಕೈಮುಗಿದರು.

ನನ್ನ ಹಟ ಅಲ್ಲಿಗೆ ಮುಗಿಯಿತು. ಎದ್ದು ನಿಂತೆ. ಬಲಗೈ ತಾನಾಗಿ ಮೇಲೆ ಹೋಯಿತು.

"ಹೋಯ್ ಬಾ. ಹೆದ್ರಬ್ಯಾಡ. ಏನೂ ಆತಿಲ್ಲೆ."

ನನ್ನ ದನಿ ನನ್ನದಾಗಿರಲಿಲ್ಲ. ಚಿಕ್ಕವನಿದ್ದಾಗ ಅಜ್ಜಿಯ ಪಕ್ಕ ನಿಂತು ಕೇಳಿದ ದನಿ ಅದು. ನನಗಿಂತ ಹಿರಿಯರಾದ ಅವರನ್ನು ಯಾವತ್ತೂ ಏಕವಚನದಲ್ಲಿ ಕರೆದವನಲ್ಲ; ಹೆಂಡತಿ ಬೆಚ್ಚಿ ನನ್ನ ಮುಖ ನೋಡಿದಳು. ಏನೂ ಆಗುವುದಿಲ್ಲವೆಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಅಣ್ಣ ಮಾತ್ರ ಮಗುವಿನ ಹಾಗೆ ತಲೆಯಾಡಿಸಿ, ಅಂಗಿ ಕೊಡು ಎಂದು ಅಕ್ಕನಿಗೆ ಸನ್ನೆ ಮಾಡಿದರು.

ಆಪರೇಷನ್ ನಡೆಯುವಾಗ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಅವರ ಜೀವಕ್ಕಾಗಿ ಎಷ್ಟು ಬೇಡಿದೆ, ನನ್ನ ಮಾನಕ್ಕಾಗಿ ಎಷ್ಟು ಬೇಡಿದೆ ಎಂದು ಈಗ ಬೇರೆಮಾಡಲು ಬರುವುದಿಲ್ಲ. ಅಕ್ಕ ಪಕ್ಕದಲ್ಲೇ ಇದ್ದರು. ಅವರ ಜಗಳದ ಪ್ರಾರ್ಥನೆ ಕೇಳಿಸಿದರೆ ಧೈರ್ಯ ಬರುತ್ತದೆಂದು ಕಾದೆ. ಅವರ ತುಟಿ ಅಲುಗಲಿಲ್ಲ. ಆಗಾಗ ನನ್ನ ಮುಖವನ್ನೇ ನೋಡುತ್ತಿದ್ದರು. ದಣಿದಿದ್ದಾರೆ ಎಂದುಕೊಂಡೆ.

ಅಣ್ಣ ಬದುಕಿ ಬಂದರು. ನಿಜವಾಗಿ ಸಂತೋಷವಾಯಿತು, ಅತ್ತೇಬಿಟ್ಟೆ. ಆಮೇಲಿನ ಭಾನುವಾರಗಳಲ್ಲಿ ಕುರ್ಚಿ ಸಾಲಲಿಲ್ಲ. ಮೆಟ್ಟಿಲ ಮೇಲೂ ಜನ. ಕಿರಿಮಂಜೇಶ್ವರದಿಂದ ರಿಕ್ಷಾ ಮಾಡಿಕೊಂಡು ಬಂದರು. ಪ್ರಸಂಗ ಮುಗಿಯುವುದನ್ನೇ ಕಾದು, ಮುಗಿದ ಕೂಡಲೇ ಕೈಮುಗಿದು ಸಾಲಾಗಿ ನಿಂತರು. ಹಿರಿಯರು ಫೋನಿನಲ್ಲಿ ಸಂಭ್ರಮಪಟ್ಟರು: "ಸಭೆ ಚೆನ್ನಾಗಿ ಬೆಳೀತಾ ಇದೆಯಂತಲ್ಲ!" ಹೌದು ಎಂದೆ. ಬೈಂದೂರಿನ ಆ ಮನೆಗೆ ಬೇರೆ ಬಾಡಿಗೆದಾರರು ಬಂದರು. ಇರಲಿ, ಅಕ್ಕ ಇದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ತಡವಾಗಬಹುದು, ಅಷ್ಟೇ.

ಒಂದು ಸಂಜೆ ಅಕ್ಕ ಬಂದರು. ಯಾವಾಗಲೂ ದಡದಡ ಹತ್ತಿ ಬರುವವರು ಅಂದು ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ನಾನೇ ಇಳಿದು ಹೋದೆ.

"ಅವ್ರಿಗೆ ಇನ್ನ್ ಕಡ್ಲಿಗೆ ಹೋಪುಕೆ ಆತಿಲ್ಲೆ ಅಂದ್ರ್ ಡಾಕ್ಟ್ರ್. ದೋಣಿದ್ ನಮ್ಮ್ ಪಾಲ್ ಕೊಡೂದಾ, ಇಟ್ಕಂಬ್ದಾ?" ಕೈಮುಗಿದರು. "ನೀವೊಂದ್ ನುಡಿ ಕೊಡಿ, ಪಾಸ್ಟ್ರೇ."

"ಅಕ್ಕ, ನೀವಾ ನನ್ನನ್ನು ಕೇಳುವುದು? ನೀವೇ ಪ್ರಾರ್ಥನೆ ಮಾಡಿ. ನಿಮ್ಮಷ್ಟು ಸಲಿಗೆಯಿಂದ ಕೇಳುವವರು ಯಾರಿದ್ದಾರೆ?"

"ನಾನ್ ಅಷ್ಟ್ ದಿನ ಕೇಂಡೆ" ಎಂದರು ಅಕ್ಕ ಮೆಲ್ಲಗೆ. "ಆಯ್ಲಿಲ್ಲೆ. ನೀವ್ ಅವತ್ತ್ ಒಂದ್ ಮಾತ್ ಹೇಳಿದ್ರಿ, ಆಯ್ತ್. ನನ್ನ್ ಬಾಯಂಗೆ ಎಂತ ಇತ್?"

ಹಾಗಲ್ಲ ಅಕ್ಕ, ನಿಮ್ಮ ಪ್ರಾರ್ಥನೆಗೇ ಉತ್ತರ ಬಂದದ್ದು ಎಂದೆ. ನಾನು ಹೇಳಿದ್ದು ಬರೀ ನನ್ನ ಹೆದರಿಕೆಯ ಮಾತು, ನನಗೆ ಏನೂ ಗೊತ್ತಿರಲಿಲ್ಲ ಎಂದೆ. ಗಂಟಲು ಒಣಗುವವರೆಗೆ ಹೇಳಿದೆ. ಅವರು ವಿನಯದಿಂದ ಎಲ್ಲ ಕೇಳಿಸಿಕೊಂಡರು. ಎದುರು ಮಾತಾಡಲಿಲ್ಲ. ಒಂದೇ ಒಂದು ಎದುರು ಮಾತಾಡಿದ್ದರೆ ನನ್ನ ಜೀವ ಬರುತ್ತಿತ್ತು. ಕತ್ತಲಾಗುವ ಮೊದಲು ಹೋಗುತ್ತೇನೆಂದು ಹೇಳಿ ತಲೆತಗ್ಗಿಸಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಹೆಂಡತಿ ಬಾಗಿಲು ತೆರೆದವಳು ಅಲ್ಲೇ ನಿಂತಳು. ನನ್ನನ್ನು ಕರೆಯಲಿಲ್ಲ. ನಾನೇ ಎದ್ದು ಹೋಗಿ ನೋಡಿದೆ. ಹೊಸ್ತಿಲ ಹೊರಗೆ ಮೀನಿನ ಬುಟ್ಟಿ ಇತ್ತು. ಚೆನ್ನಾಗಿ ತೊಳೆದು, ವಾಸನೆ ಹೋಗಲೆಂದು ಅರಸಿನ ಹಚ್ಚಿ, ಒಳಗೆ ಬಾಳೆಲೆ ಹಾಸಿ, ಅದರ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟಿದ್ದರು.